ಅಡಿಲೇಡ್‌ನ ಹುಡುಗಿ ಕೇಳಿದ್ದು

ಗರ್ಭಕೋಶ ಕಸಿಯ ಚರಿತ್ರೆಯನ್ನು ಎಲ್ಲರೂ ಶಸ್ತ್ರವೈದ್ಯರಿಂದ ಶುರುಮಾಡುತ್ತಾರೆ. ಶುರುವಾಗಬೇಕಾದದ್ದು ಒಬ್ಬ ರೋಗಿಯಿಂದ. 1998ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ಗರ್ಭಕಂಠದ ಕ್ಯಾನ್ಸರ್ ಇದ್ದ ಯುವತಿಗೆ ಸ್ವೀಡನ್ನಿನ ಡಾ. ಮ್ಯಾಟ್ಸ್ ಬ್ರಾನ್‌ಸ್ಟ್ರಾಮ್ ಗರ್ಭಕೋಶ ತೆಗೆಯಬೇಕಾಗುತ್ತದೆ ಎಂದರು. ಬೇರೊಬ್ಬರದ್ದನ್ನು ಹಾಕಬಹುದಲ್ಲ, ಅಮ್ಮನದಾದರೂ ಆದೀತಲ್ಲ ಎಂದಳು ಆಕೆ. ವೈದ್ಯರಿಗೆ ಮೊದಲು ಅದು ಹುಚ್ಚು ಮಾತೆನಿಸಿತಂತೆ.

ಆ ಮಾತನ್ನೇ ಹೊತ್ತು ಅವರು ಗೋಥೆನ್‌ಬರ್ಗ್‌ಗೆ ಮರಳಿದರು. ಇಲಿ, ಕುರಿ, ಹಂದಿ, ಬಾಬೂನ್ ಕೋತಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. ನಡುವೆ 2000ದಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ವೈದ್ಯರು ಮಹಿಳೆಯೊಬ್ಬಳಿಗೆ ಕಸಿ ಮಾಡಿದ್ದರು. ರಕ್ತ ಹೆಪ್ಪುಗಟ್ಟಿ 99ನೇ ದಿನ ಅದನ್ನು ತೆಗೆಯಬೇಕಾಯಿತು. ಗೋಥೆನ್‌ಬರ್ಗ್‌ನಲ್ಲಿ 2012–13ರಲ್ಲಿ ಕಸಿ ಮಾಡಿಸಿಕೊಂಡ ಒಂಬತ್ತು ಮಂದಿಯಲ್ಲಿ ಐವರಿಗೆ ಗರ್ಭಕೋಶ ಕೊಟ್ಟವರು ಹೆತ್ತ ತಾಯಂದಿರೇ. ಅಡಿಲೇಡ್‌ನ ಹುಡುಗಿ ಹೇಳಿದ ಹಾಗೆಯೇ ಆಯಿತು. ಮೊದಲ ಮಗು ಹುಟ್ಟಿದ್ದು 2014ರ ಸೆಪ್ಟೆಂಬರಿನಲ್ಲಿ.

ನಮ್ಮ ಬೆಂಗಳೂರು ಹಿಂದೆ ಬಿದ್ದಿರಲಿಲ್ಲ. ಡಾ. ಕಾಮಿನಿ ರಾವ್ ಅವರ ಮಿಲನ್ ಬಂಜೆತನ ಚಿಕಿತ್ಸಾ ಕೇಂದ್ರ ಸ್ವೀಡನ್ ತಂಡದ ನಂಟು ಬೆಳೆಸಿ, ಇಬ್ಬರು ಮಹಿಳೆಯರಿಗೆ ಕಸಿ ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಒಪ್ಪಿಗೆ ಪಡೆದಿತ್ತು. ಅಷ್ಟರಲ್ಲಿ, 2017ರ ಮೇನಲ್ಲಿ, ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ಮಹಾರಾಷ್ಟ್ರ ಸರ್ಕಾರದ ಪರವಾನಗಿಯ ಮೇಲೆ ಎರಡು ದಿನದಲ್ಲಿ ಎರಡು ಕಸಿ ಮುಗಿಸಿದರು. 2018ರ ಅಕ್ಟೋಬರಿನಲ್ಲಿ ಅಲ್ಲಿ ಹೆಣ್ಣುಮಗು ಹುಟ್ಟಿತು, ತನ್ನ ಅಮ್ಮ ಬೆಳೆದ ಗರ್ಭಕೋಶದಲ್ಲೇ ಬೆಳೆದು. ಅಜ್ಜಿಯ ದಾನ ಅದು. ಪುಣೆಯ ಸಾಧನೆ ದೊಡ್ಡದೇ. ಆದರೆ ‘ಯಾರು ಮೊದಲು’ ಎಂಬ ಗದ್ದಲದಲ್ಲಿ ಬೆಂಗಳೂರಿನ ತಯಾರಿಯ ಕತೆ ಮರೆತೇ ಹೋದದ್ದು ನನಗೆ ಇಂದಿಗೂ ಬೇಸರ.

ಏಕೆಂದರೆ ಈ ಕಸಿಯಲ್ಲಿ ತಯಾರಿಯೇ ಮುಕ್ಕಾಲು ಕೆಲಸ. ಮೊದಲೇ ಭ್ರೂಣಗಳನ್ನು ಮಾಡಿ ಶೀತಲೀಕರಿಸಿಡಬೇಕು. ಕೊಡುವವಳ ಶಸ್ತ್ರಚಿಕಿತ್ಸೆಯೇ ಹೆಚ್ಚು ಕಠಿಣ: ಮೂತ್ರನಾಳಕ್ಕೆ ಅಂಟಿಕೊಂಡ ಎಳೆಯಂಥ ರಕ್ತನಾಳಗಳನ್ನು ಬಿಡಿಸಲು ಸ್ವೀಡನ್ನಿನಲ್ಲಿ ಹತ್ತು ಗಂಟೆಗೂ ಹೆಚ್ಚು ಹಿಡಿಯಿತು. ಪುಣೆಯವರು ಲ್ಯಾಪ್ರೊಸ್ಕೋಪಿ ಬಳಸಿ ಆ ಹೊತ್ತನ್ನು ಇಳಿಸಿದರು. ಆಮೇಲೆ ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ನಿತ್ಯ ಔಷಧಿ, ತಿಂಗಳುಗಟ್ಟಲೆ ನಿಗಾ, ಹೆರಿಗೆ ಸಿಸೇರಿಯನ್ನಿನಿಂದಲೇ. ಒಂದೋ ಎರಡೋ ಮಕ್ಕಳಾದ ಮೇಲೆ ಗರ್ಭಕೋಶವನ್ನು ತೆಗೆದುಬಿಡಬೇಕು. ಇಲ್ಲವಾದರೆ ಆ ಔಷಧಿಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಹುಟ್ಟಿನಿಂದಲೇ ಗರ್ಭಕೋಶವಿಲ್ಲದ ಹೆಣ್ಣುಮಕ್ಕಳು ಸುಮಾರು 4,500ಕ್ಕೆ ಒಬ್ಬರು. ನಮ್ಮ ತುಮಕೂರಿನ ಬಟವಾಡಿಯಿಂದ ಬಿ.ಎಚ್. ರಸ್ತೆ ಹಿಡಿದು ಬೆಂಗಳೂರಿನ ಆಸ್ಪತ್ರೆಗಳಿಗೆ ಅಲೆಯುವ ಬಡ ಹೆಣ್ಣುಮಗಳಿಗೂ ಇದು ದಕ್ಕಬೇಕಾದರೆ, ಸರ್ಕಾರಿ ಆಸ್ಪತ್ರೆಯೊಂದು ಈ ತಯಾರಿಯನ್ನು ಮೊದಲಿನಿಂದ ಕೈಗೆತ್ತಿಕೊಳ್ಳಬೇಕು.