ಮೊದಲು ತೂಬು, ಆಮೇಲೆ ಏರಿ: ಗಣಕಯಂತ್ರಕ್ಕೆ ನೀರಿನ ತಂಪು ಕಟ್ಟುವವರಿಗೆ ಕೆಲವು ಮಾತು

ನೀರೂ ವಿದ್ಯುತ್ತೂ ಒಂದೆಡೆ ಸೇರಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಒದ್ದೆಗೈಯಿಂದ ಸ್ವಿಚ್ಚನ್ನು ಮುಟ್ಟಬೇಡವೆಂದು ಎಚ್ಚರಿಸದ ತಾಯಿಯಿಲ್ಲ. ಹೀಗಿರುವಲ್ಲಿ, ದುಬಾರಿ ಬೆಲೆ ತೆತ್ತು ತಂದ ಗಣಕಯಂತ್ರದ ಒಡಲೊಳಗೇ ನೀರನ್ನು ಹರಿಸುತ್ತೇನೆಂದು ಮನೆಯ ಮಗನೋ ಮಗಳೋ ಹೊರಟರೆ ಹಿರಿಯರು ಗಾಬರಿಗೊಳ್ಳುವುದು ಸಹಜವೇ ಆಗಿದೆ. ಆದರೆ ಗಾಬರಿಯು ವಿವೇಕದ ಸ್ಥಾನವನ್ನು ತುಂಬಲಾರದು. ಆ ಕೆಲಸವು ಏನು, ಏಕೆ, ಹೇಗೆ ಎಂಬುದನ್ನು ಅರಿತ ಮೇಲೆ ಬೇಡವೆನ್ನಬಹುದು, ಆಗಲಿ ಎಂದೂ ಅನ್ನಬಹುದು.

ನಮ್ಮ ಮಾರೇನಹಳ್ಳಿಯಲ್ಲಿ ಹಳೆಯ ಊರಿನ ಕಿರುಬೀದಿಗಳೂ ವಿಜಯನಗರದ ಕಡೆಯ ಮಹಡಿಮನೆಗಳೂ ಒಂದಕ್ಕೊಂದು ತಾಗಿಕೊಂಡಿವೆ. ಮೇಲ್ಮಹಡಿಯ ಕೋಣೆಗಳು ಚೈತ್ರ ವೈಶಾಖಗಳಲ್ಲಿ ಸಂಜೆಯಾದರೂ ಕಾವಾರುವುದಿಲ್ಲ. ಇಂಥದೊಂದು ಕೋಣೆಯಲ್ಲಿ ನಮ್ಮ ಬೀದಿಯ ತರುಣನೊಬ್ಬನು ಚಲನಚಿತ್ರಗಳಿಗೆ ಬೇಕಾದ ದೃಶ್ಯಗಳನ್ನು ಗಣಕಯಂತ್ರದಲ್ಲಿ ರಚಿಸಿಕೊಡುವ ಉದ್ಯೋಗ ಮಾಡುತ್ತಾನೆ. ಒಂದು ದೃಶ್ಯವು ಸಿದ್ಧವಾಗಲು ಯಂತ್ರವು ರಾತ್ರಿಯಿಡೀ ದುಡಿಯಬೇಕು. ಅದರ ಬೀಸಣಿಗೆಗಳ ಮೊರೆತಕ್ಕೆ ಪಕ್ಕದ ಕೋಣೆಯ ಅಜ್ಜಿಗೆ ನಿದ್ರೆಯಿಲ್ಲ. ಬಾಗಿಸಿದ ಗಟ್ಟಿ ಕೊಳವೆಗಳಿಂದ ನೀರಿನ ತಂಪನ್ನು ತಾನೇ ಕಟ್ಟಿಕೊಳ್ಳಬೇಕೆಂಬುದು ತರುಣನ ಅಭಿಲಾಷೆ. ಒಂದು ಹನಿ ಸೋರಿ ಯಂತ್ರವು ಕೆಟ್ಟರೆ ಮನೆಯ ಸಂಪಾದನೆಯೇ ನಿಲ್ಲುವುದೆಂಬುದು ತಂದೆಯವರ ಭಯ. ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಲೇಖನವು ಅವರಿಬ್ಬರಿಗಾಗಿ, ಅವರಂತಹ ಇತರ ಕುಟುಂಬಗಳಿಗಾಗಿ.

ನೀರೇ ಏಕೆ?

ಗಣಕಯಂತ್ರವು ಸೇವಿಸುವ ವಿದ್ಯುತ್ತು ಕಟ್ಟಕಡೆಗೆ ಬಹುತೇಕ ಶಾಖವಾಗಿಯೇ ಪರಿಣಮಿಸುತ್ತದೆ. ಪ್ರೊಸೆಸರಿಗೆ ೧೨೦ ವಾಟ್, ಗ್ರಾಫಿಕ್ಸ್ ಕಾರ್ಡಿಗೆ ೩೦೦ ವಾಟ್ ಎಂದಿಟ್ಟುಕೊಂಡರೆ, ಅಂಗೈಯಲ್ಲಿ ಅಡಗುವ ಎರಡು ಚಿಪ್ಪುಗಳಿಂದ ೪೨೦ ವಾಟ್ ಶಾಖವನ್ನು ಎಡೆಬಿಡದೆ ಹೊರಸಾಗಿಸಬೇಕಾಗುತ್ತದೆ. ಒಂದು ಲೀಟರು ನೀರು ಒಂದು ಲೀಟರು ಗಾಳಿಗಿಂತ ಸುಮಾರು ೩೫೦೦ ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ಗಾಳಿಯು ಅಬ್ಬರಿಸಿ ಮಾಡುವ ಕೆಲಸವನ್ನು ನೀರು ಸದ್ದಿಲ್ಲದೆ ಮಾಡುವುದು ಇದರಿಂದಲೇ.

ಇದು ಹುಡುಗರ ಹೊಸ ಹುಚ್ಚೂ ಅಲ್ಲ. ೧೯೬೦ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ಸಿಸ್ಟಂ ೩೬೦ ಮಾದರಿ ೯೧ ಎಂಬ ಮಹಾಗಣಕಕ್ಕೆ ನೀರಿನ ತಂಪಿತ್ತು. ೧೯೮೫ರ ಕ್ರೇ-೨ ಯಂತ್ರವನ್ನು ವಿದ್ಯುತ್ತು ಹರಿಯದ ದ್ರವವೊಂದರಲ್ಲಿ ಮುಳುಗಿಸಿಯೇ ಇಡಲಾಗಿತ್ತು. ಮಾರೇನಹಳ್ಳಿಯಿಂದ ಕೆಲವೇ ಕಿಲೋಮೀಟರು ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಕಾರ್ಯಾರಂಭ ಮಾಡಿದ ೩.೩ ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಮಹಾಗಣಕದಲ್ಲಿಯೂ ದ್ರವವು ಚಿಪ್ಪುಗಳ ಬಳಿಗೇ ಹರಿದು ಶಾಖವನ್ನು ಹೊತ್ತೊಯ್ಯುತ್ತದೆ. ಮನೆಯ ಮೇಜಿನ ಮೇಲಿನದು ಅದೇ ತತ್ತ್ವದ ಕಿರಿಯ ರೂಪ.

ಆದರೆ ಒಂದು ಭ್ರಮೆಯನ್ನು ಆರಂಭದಲ್ಲಿಯೇ ಕಳೆದುಕೊಳ್ಳಬೇಕು. ನೀರು ಶಾಖವನ್ನು ನಾಶಮಾಡುವುದಿಲ್ಲ. ಚಿಪ್ಪಿನಿಂದ ತೆಗೆದು ರೇಡಿಯೇಟರಿಗೆ ಒಪ್ಪಿಸುತ್ತದೆ, ರೇಡಿಯೇಟರು ಕೋಣೆಯ ಗಾಳಿಗೆ ಒಪ್ಪಿಸುತ್ತದೆ. ಆದಕಾರಣ ಕೋಣೆಯ ಗಾಳಿಗಿಂತ ನೀರು ತಂಪಾಗಲಾರದು. ೪೨೦ ವಾಟ್ ಶಾಖವೂ ಕೋಣೆಯಲ್ಲಿಯೇ ಉಳಿಯುತ್ತದೆ. ಬೆಂಗಳೂರಿನ ಉಷ್ಣತೆ ೨೦೧೬ರ ಏಪ್ರಿಲಿನಲ್ಲಿ ೩೯ ಡಿಗ್ರಿಯನ್ನು ದಾಟಿದ್ದುಂಟು. ಕಿಟಕಿ ಮುಚ್ಚಿದ ಕೋಣೆಗೆ ಯಾವ ಕೊಳವೆಯೂ ತಂಪನ್ನು ತಂದುಕೊಡಲಾರದು.

ಇದು ನಿಜಕ್ಕೂ ಬೇಕೆ?

ಲೆಕ್ಕಪತ್ರ, ಓದು, ಸಾಮಾನ್ಯ ಆಟಗಳಿಗಾಗಿ ಬಳಸುವ ಯಂತ್ರಕ್ಕೆ ಇದಾವುದೂ ಬೇಡ. ಒಳ್ಳೆಯ ಗಾಳಿತಂಪು ಸಾಧನವೇ ಅಲ್ಲಿ ಸಾಕು. ಅದು ಅಗ್ಗ, ಸೋರುವ ಭಯವಿಲ್ಲ. ಪ್ರೊಸೆಸರಿಗೆ ಮಾತ್ರ ನೀರು ಬೇಕೆನ್ನುವವರಿಗೆ ಕಾರ್ಖಾನೆಯಲ್ಲಿಯೇ ಮೊಹರು ಮಾಡಿದ ಸಿದ್ಧ ಸಾಧನಗಳಿವೆ. ತಾನೇ ಕಟ್ಟುವ ಪದ್ಧತಿಗೆ ಹಲವು ಹತ್ತು ಸಾವಿರ ರೂಪಾಯಿ ಬೇಕು, ವರ್ಷಕ್ಕೊಮ್ಮೆ ದುಡಿಮೆಯೂ ಬೇಕು. ಗಂಟೆಗಟ್ಟಲೆ ಪೂರ್ಣಶಕ್ತಿಯಿಂದ ದುಡಿಯುವ ಯಂತ್ರ, ಸದ್ದಿಲ್ಲದ ಮನೆಯ ಅಪೇಕ್ಷೆ, ಕೈಕೆಲಸದ ಪ್ರೀತಿ ಈ ಮೂರೂ ಕೂಡಿದಲ್ಲಿ ಮಾತ್ರ ಅದು ಸಾರ್ಥಕ.

ಅಲ್ಲಿಯೂ ಮೆದು ಕೊಳವೆ, ಗಟ್ಟಿ ಕೊಳವೆ ಎಂಬ ಎರಡು ಬಗೆಗಳಿವೆ. ತಂಪಿನ ವಿಷಯದಲ್ಲಿ ಇವುಗಳ ನಡುವೆ ಗಣನೀಯ ವ್ಯತ್ಯಾಸವಿಲ್ಲ. ಮೆದು ಕೊಳವೆ ಎಳೆದತ್ತ ಬರುತ್ತದೆ, ತಪ್ಪನ್ನು ಕ್ಷಮಿಸುತ್ತದೆ. ಗಟ್ಟಿ ಕೊಳವೆ ನೋಟಕ್ಕೆ ಸೊಗಸು, ಮಡಿಚಿಕೊಂಡು ನೀರಿನ ದಾರಿ ಕಟ್ಟುವುದಿಲ್ಲ. ಆದರೆ ಎರಡು ಮಿಲಿಮೀಟರು ತಪ್ಪಿದರೂ ಕೂರುವುದಿಲ್ಲ, ಒಂದು ಬಿಡಿಭಾಗವನ್ನು ಬದಲಿಸಿದರೆ ಕೊಳವೆಯನ್ನೇ ಹೊಸದಾಗಿ ಮಾಡಬೇಕು. ಗಟ್ಟಿ ಕೊಳವೆಯನ್ನು ಆರಿಸಿದವನು ಯೋಜನೆಯ ಶಿಸ್ತನ್ನೂ ಆರಿಸಿಕೊಂಡಂತೆಯೇ ಸರಿ.

ಕಾಗದದ ಮೇಲೆ ಕಟ್ಟುವುದು

ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವ ಮೊದಲು ಒಂದು ಹಾಳೆ, ಒಂದು ಅಳತೆಪಟ್ಟಿ, ಒಂದು ಸೀಸದಕಡ್ಡಿ ಸಾಕು. ಪೆಟ್ಟಿಗೆಯ ಒಳಅಳತೆಯನ್ನು ನಿಜ ಪ್ರಮಾಣದಲ್ಲಿ ಬರೆದು, ಅದರೊಳಗೆ ಪಂಪು, ನೀರಿನ ತೊಟ್ಟಿ, ವಾಟರ್ ಬ್ಲಾಕುಗಳು, ರೇಡಿಯೇಟರು ಇವುಗಳ ಸ್ಥಾನವನ್ನು ಗುರುತಿಸಬೇಕು. ೩೦ ಮಿಲಿಮೀಟರು ದಪ್ಪದ ರೇಡಿಯೇಟರಿಗೆ ೨೫ ಮಿಲಿಮೀಟರಿನ ಬೀಸಣಿಗೆ ಸೇರಿದರೆ ೫೫ ಮಿಲಿಮೀಟರು ಜಾಗ ಬೇಕೆಂಬುದನ್ನು ಮರೆತವರು ಮೆಮೊರಿ ಪಟ್ಟಿಗಳಿಗೆ ತಾಗಿ ನಿಲ್ಲುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಬ್ಲಾಕನ್ನು ಚಿಪ್ಪಿನ ಹೆಸರು ನೋಡಿ ಕೊಳ್ಳತಕ್ಕದ್ದಲ್ಲ. ಒಂದೇ ಚಿಪ್ಪನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಹಲಗೆಗಳ ಮೇಲೆ ಕೂರಿಸಿರುತ್ತಾರೆ. ಆ ಕಾರ್ಡಿನ ಪೂರ್ಣ ಮಾದರಿಗೇ ಹೊಂದುವ ಬ್ಲಾಕು ಇದೆಯೇ, ಕಾರ್ಡಿನ ಮೂಲ ತಂಪುಸಾಧನವನ್ನು ಬಿಚ್ಚಿದರೆ ವಾರಂಟಿ ಉಳಿಯುವುದೇ ಎಂಬೆರಡನ್ನೂ ಮೊದಲೇ ವಿಚಾರಿಸಬೇಕು.

ರೇಡಿಯೇಟರಿನ ಗಾತ್ರಕ್ಕೆ ಕಟ್ಟುವವರು ಅನುಸರಿಸುವ ಸ್ಥೂಲ ಲೆಕ್ಕವೊಂದಿದೆ: ನಿಧಾನವಾಗಿ ತಿರುಗುವ ಬೀಸಣಿಗೆಯೊಡನೆ, ೧೨೦ ಮಿಲಿಮೀಟರಿನ ಒಂದು ಅಂಕಣಕ್ಕೆ ಸುಮಾರು ೧೦೦ ವಾಟ್. ನಮ್ಮ ೪೨೦ ವಾಟ್‌ಗೆ ನಾಲ್ಕು ಅಂಕಣಗಳು ಸಾಲವು, ಐದು ಬೇಕು. ಎಂದರೆ ೩೬೦ರದೊಂದು, ೨೪೦ರದೊಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ; ಇಲ್ಲಿನ ಗಾಳಿಯ ಸಾಂದ್ರತೆ ಕಡಲತೀರದ ಗಾಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಬೀಸಣಿಗೆಯು ಅದೇ ವೇಗದಲ್ಲಿ ತಿರುಗಿದರೂ ಅಷ್ಟು ಕಡಿಮೆ ಶಾಖವನ್ನು ಒಯ್ಯುತ್ತದೆ. ಆದಕಾರಣ ಈ ಊರಿನಲ್ಲಿ ಒಂದು ಅಂಕಣ ಹೆಚ್ಚಾಗಿರುವುದೇ ಲೇಸು.

ಯಾವುದರ ಮುಂದೆ ಯಾವುದು ಬರಬೇಕೆಂದು ಹೊಸಬರು ಬಹಳ ತಲೆಕೆಡಿಸಿಕೊಳ್ಳುತ್ತಾರೆ. ನಿಮಿಷಕ್ಕೆ ೪ ಲೀಟರು ಹರಿಯುವ ನೀರು ೪೨೦ ವಾಟ್ ಶಾಖವನ್ನು ಪಡೆದಾಗ ಅದರ ಉಷ್ಣತೆ ಏರುವುದು ಒಂದೂವರೆ ಡಿಗ್ರಿ ಮಾತ್ರ. ಸುತ್ತು ಪೂರ್ತಿ ನೀರು ಬಹುತೇಕ ಒಂದೇ ಉಷ್ಣತೆಯಲ್ಲಿರುವುದರಿಂದ ಕ್ರಮಕ್ಕಿಂತ ಕೊಳವೆಯ ಸರಳತೆಯೇ ಮುಖ್ಯ. ಒಂದು ನಿಯಮ ಮಾತ್ರ ಕಡ್ಡಾಯ: ತೊಟ್ಟಿಯು ಪಂಪಿನ ಹಿಂದೆ, ಅದಕ್ಕಿಂತ ಮೇಲೆ ಇರಬೇಕು. ಪಂಪು ಒಣಗಿ ತಿರುಗಿದರೆ ಬೇಗನೆ ಕೆಡುತ್ತದೆ.

ಎತ್ತರದ ಚಿಂತೆಯನ್ನೂ ಇಲ್ಲಿಯೇ ಬಿಡಿಸಿಕೊಳ್ಳಬಹುದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ೧೯೭೪ರಿಂದ ಸುಮಾರು ೧೦೦ ಕಿಲೋಮೀಟರು ದೂರ, ಸುಮಾರು ೫೦೦ ಮೀಟರು ಎತ್ತರಕ್ಕೆ ಪಂಪು ಮಾಡಿ ನಮ್ಮ ನಗರಕ್ಕೆ ತರಲಾಗುತ್ತಿದೆ. ಮೇಲೇರಿದ ಆ ನೀರು ಮರಳಿ ಪಂಪಿಗೆ ಬರುವುದಿಲ್ಲ; ಆದ್ದರಿಂದ ಎತ್ತರದ ಪೂರ್ಣ ಭಾರವೂ ಪಂಪಿನ ಮೇಲೆಯೇ ಬೀಳುತ್ತದೆ. ಗಣಕಯಂತ್ರದ ಸುತ್ತು ಹಾಗಲ್ಲ. ಮೇಲೇರಿದ ನೀರು ಅಷ್ಟೇ ಕೆಳಗಿಳಿದು ಏರುವ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ತುಂಬಿದ ಮೇಲೆ ಪಂಪು ಗೆಲ್ಲಬೇಕಾದದ್ದು ಕೊಳವೆ ಮತ್ತು ಬ್ಲಾಕುಗಳ ತಡೆಯನ್ನು ಮಾತ್ರ. ಎತ್ತರದ ಪ್ರಶ್ನೆ ಬರುವುದು ಮೊದಲ ಸಲ ತುಂಬಿಸುವಾಗ. ಸಾಮಾನ್ಯವಾಗಿ ಬಳಸುವ ೧೨ ವೋಲ್ಟಿನ ಡಿ೫ ಪಂಪು ನೀರನ್ನು ಸುಮಾರು ೪ ಮೀಟರು ಎತ್ತಬಲ್ಲದಾದ್ದರಿಂದ ಮೇಜಿನ ಪೆಟ್ಟಿಗೆಗೆ ಅದು ಧಾರಾಳ.

ಈಗ ಬಹುಮುಖ್ಯವಾದ ಮಾತು. ಕೆರೆ ಕಟ್ಟುವವನಿಗೆ ಏರಿಯ ಎತ್ತರಕ್ಕಿಂತ ಮೊದಲು ತೂಬಿನ ಚಿಂತೆಯಿರಬೇಕು. ನೀರನ್ನು ಹಿಡಿಯುವ ಯೋಚನೆಯಲ್ಲಿಯೇ ಬಿಡುವ ಯೋಚನೆಯೂ ಸೇರಿರಬೇಕು. ಹೊಸಬರ ಚಿತ್ರಪಟಗಳಲ್ಲಿ ಹೆಚ್ಚಾಗಿ ಕಾಣೆಯಾಗುವುದು ಇದೇ ತೂಬು. ಗಟ್ಟಿ ಕೊಳವೆಯನ್ನು ನೀರು ತುಂಬಿರುವಾಗ ಕಿತ್ತರೆ ಅದು ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಸುರಿಯುತ್ತದೆ. ಸುತ್ತಿನ ಅತ್ಯಂತ ಕೆಳಗಿನ ಬಿಂದುವಿನಲ್ಲಿ ಒಂದು ಟಿ ಫಿಟ್ಟಿಂಗು, ಅದಕ್ಕೊಂದು ಬಾಲ್ ವಾಲ್ವು, ಅದರ ಬಾಯಿ ಪೆಟ್ಟಿಗೆಯ ಹೊರಗೆ ತಲುಪುವಂತೆ ಒಂದು ದಾರಿ. ಮೇಲಿನ ಬಿಂದುವಿನಲ್ಲಿ ತುಂಬಿಸಲೂ ಗಾಳಿ ಬಿಡಲೂ ಒಂದು ಬಾಯಿ. ಈ ಎರಡನ್ನೂ ಮೊದಲು ಗುರುತಿಸಿ, ಆ ಬಳಿಕವೇ ಉಳಿದ ಗೆರೆಗಳನ್ನು ಎಳೆಯಬೇಕು.

ಲೋಹ, ಕೊಳವೆ, ನೀರು

ತಾಮ್ರ, ಹಿತ್ತಾಳೆ, ನಿಕಲ್ ಲೇಪ ಇವು ಒಂದು ಕುಲ. ಅಲ್ಯೂಮಿನಿಯಂ ರೇಡಿಯೇಟರನ್ನು ಇವುಗಳೊಡನೆ ಸೇರಿಸಬಾರದು. ಭಿನ್ನ ಲೋಹಗಳು ಒಂದೇ ನೀರಿನಲ್ಲಿ ನಿಂತಾಗ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಅಗ್ಗದ ಸಿದ್ಧ ಸಾಧನವನ್ನು ಬಿಚ್ಚಿ ಜೋಡಿಸುವವರು ಸಿಕ್ಕಿಬೀಳುವುದು ಇಲ್ಲಿಯೇ.

ಕೊಳವೆಗಳಲ್ಲಿ ಪಿಇಟಿಜಿ ಮತ್ತು ಅಕ್ರಿಲಿಕ್ ಪ್ರಧಾನವಾದವು. ಹೊರ ವ್ಯಾಸ ೧೨, ೧೪, ೧೬ ಮಿಲಿಮೀಟರುಗಳಲ್ಲಿ ದೊರೆಯುತ್ತವೆ. ಫಿಟ್ಟಿಂಗುಗಳ ಅಳತೆ ಕೊಳವೆಯ ಅಳತೆಗೆ ಕಡ್ಡಾಯವಾಗಿ ಹೊಂದಬೇಕು. ಪಿಇಟಿಜಿ ಸುಲಭವಾಗಿ ಬಾಗುತ್ತದೆ, ಬಿರುಕು ಬಿಡುವುದು ಕಡಿಮೆ; ಆದರೆ ನೀರು ೬೦ ಡಿಗ್ರಿಯ ಸಮೀಪಕ್ಕೆ ಬಂದರೆ ಮೆತ್ತಗಾಗಿ ಫಿಟ್ಟಿಂಗಿನಿಂದ ಜಾರಬಹುದು. ಅಕ್ರಿಲಿಕ್ ಹೆಚ್ಚು ಕಾವನ್ನು ತಾಳುತ್ತದೆ, ಆದರೆ ಕೊಯ್ಯುವಾಗ ಸೀಳುವ ಸ್ವಭಾವದ್ದು. ಯಾವುದನ್ನು ಆರಿಸಿದರೂ ನೀರಿನ ಉಷ್ಣತೆಯನ್ನು ಅಳೆಯುವ ಸಂವೇದಕವೊಂದನ್ನು ಸುತ್ತಿನಲ್ಲಿ ಸೇರಿಸಿ, ೫೦ ಡಿಗ್ರಿಗೆ ಮೊದಲೇ ಎಚ್ಚರಿಕೆ ಬರುವಂತೆ ಮಾಡಿಕೊಳ್ಳುವುದು ಕ್ಷೇಮ.

ನಲ್ಲಿಯ ನೀರಾಗಲಿ ಕೊಳವೆಬಾವಿಯ ನೀರಾಗಲಿ ಇಲ್ಲಿ ಸಲ್ಲದು. ನಮ್ಮ ಬಕೆಟ್ಟುಗಳ ಅಂಚಿನಲ್ಲಿ ಕಟ್ಟುವ ಬಿಳಿ ಗರಣೆಯೇ ಬ್ಲಾಕಿನ ಕೂದಲೆಳೆಯಂತಹ ಕಾಲುವೆಗಳಲ್ಲಿಯೂ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರು ಬೇಕು. ಅದೂ ಒಂಟಿಯಾಗಿ ಸಾಲದು, ತುಕ್ಕನ್ನೂ ಪಾಚಿಯನ್ನೂ ತಡೆಯುವ ದ್ರವ್ಯಗಳು ಕೂಡಿರಬೇಕು. ಮೊದಲ ಸಲಕ್ಕೆ ಇವೆಲ್ಲ ಬೆರೆತ ಸಿದ್ಧ ದ್ರವವನ್ನು, ಬಣ್ಣವಿಲ್ಲದ್ದನ್ನು, ಕೊಳ್ಳುವುದು ಉಚಿತ. ಹಾಲಿನಂತೆ ಮಂದವಾದ ಬಣ್ಣದ ದ್ರವಗಳು ಚೆಲುವಾಗಿ ಕಂಡರೂ ಕಾಲಕ್ರಮದಲ್ಲಿ ಮಡ್ಡಿ ಬಿಡುವುದುಂಟು. ಶುದ್ಧ ದ್ರವದಲ್ಲಿ ವಿದ್ಯುತ್ತು ಹರಿಯದೆಂದು ನಂಬಿ ನಿಶ್ಚಿಂತರಾಗಬಾರದು; ಲೋಹಗಳ ಸಂಗದಲ್ಲಿ ಕೆಲಕಾಲ ಹರಿದ ಮೇಲೆ ಅದೂ ವಾಹಕವಾಗುತ್ತದೆ.

ಬಾಗಿಸುವುದು, ಪರೀಕ್ಷಿಸುವುದು

ಲೆಕ್ಕಕ್ಕೆ ಬಂದುದಕ್ಕಿಂತ ಅರ್ಧದಷ್ಟು ಹೆಚ್ಚು ಕೊಳವೆಯನ್ನು ತರಬೇಕು. ಮೊದಲ ಕೆಲವು ತುಂಡುಗಳು ಕಲಿಕೆಗೆ ಮೀಸಲು. ಕೊಳವೆಯೊಳಗೆ ಸಿಲಿಕೋನ್ ಹುರಿಯನ್ನು ತೂರಿಸಿ, ಬಿಸಿಗಾಳಿ ಯಂತ್ರದ ಮುಂದೆ ಎಡೆಬಿಡದೆ ತಿರುಗಿಸುತ್ತಿದ್ದರೆ ಅದು ತಾನಾಗಿಯೇ ಮೆತ್ತಗಾಗುತ್ತದೆ. ಬಲವಂತದಿಂದ ಬಾಗಿಸಿದರೆ ಚಪ್ಪಟೆಯಾಗುತ್ತದೆ, ಅತಿಯಾಗಿ ಕಾಯಿಸಿದರೆ ಗುಳ್ಳೆಯೇಳುತ್ತದೆ. ಮೊದಲು ಬಾಗಿಸಿ ಆಮೇಲೆ ಕೊಯ್ಯಬೇಕು, ಕೊಯ್ದು ಬಾಗಿಸಬಾರದು. ಕೊಯ್ದ ತುದಿಯ ಚೂಪನ್ನು ಒಳಗೂ ಹೊರಗೂ ಉಜ್ಜಿ ನಯಗೊಳಿಸದಿದ್ದರೆ ಫಿಟ್ಟಿಂಗಿನ ರಬ್ಬರು ಉಂಗುರವು ಹರಿಯುತ್ತದೆ. ಅನೇಕ ಸೋರಿಕೆಗಳ ಮೂಲ ಈ ಸಣ್ಣ ಅಲಕ್ಷ್ಯವೇ. ಕೋಣೆಯ ಕಿಟಕಿಗಳು ತೆರೆದಿರಲಿ, ಚಿಕ್ಕಮಕ್ಕಳು ಹತ್ತಿರ ಇರದಿರಲಿ.

ನೀರಿಗೆ ಮೊದಲು ಗಾಳಿಯ ಪರೀಕ್ಷೆ. ಸಣ್ಣ ಕೈಪಂಪು ಮತ್ತು ಮಾಪಕದಿಂದ, ಬಿಡಿಭಾಗಗಳ ತಯಾರಕರು ಹೇಳಿದ ಮಿತಿಯನ್ನು ಮೀರದಂತೆ, ಸುಮಾರು ಅರ್ಧ ಬಾರ್ ಒತ್ತಡ ತುಂಬಿ ಅರ್ಧ ಗಂಟೆ ನೋಡಬೇಕು. ಮುಳ್ಳು ಇಳಿದರೆ ಎಲ್ಲಿಯೋ ಸೋರಿಕೆಯಿದೆ; ಆದರೆ ಸೋರಿದ್ದು ಗಾಳಿ, ಹಾನಿಯಿಲ್ಲ. ಮುಳ್ಳು ನಿಂತ ಮೇಲೆ ಪ್ರತಿ ಜೋಡಣೆಯ ಕೆಳಗೆ ಹೀರುಕಾಗದವಿಟ್ಟು, ಪಂಪಿಗೆ ಮಾತ್ರ ವಿದ್ಯುತ್ತು ಕೊಟ್ಟು, ಉಳಿದ ಭಾಗಗಳ ವಿದ್ಯುತ್ ಸಂಪರ್ಕವನ್ನು ಕಳಚಿ, ದ್ರವವನ್ನು ಒಂದು ದಿನ ಹರಿಸಬೇಕು. ಇದಕ್ಕೆಂದೇ ದೊರೆಯುವ ಜಂಪರ್ ಪ್ಲಗ್ಗನ್ನು ಬಳಸಬೇಕು. ಮನೆಯ ಸಂಪಾದನೆಯನ್ನು ಕಾಯುವುದು ಈ ಒಂದು ದಿನದ ತಾಳ್ಮೆಯೇ. ಹಿರಿಯರು ಈ ಒಂದು ಷರತ್ತನ್ನು ಮಾತ್ರ ಸಡಿಲಿಸದಿರಲಿ.

ಮನೆಯವರಿಗೆ

ಈ ದ್ರವಗಳಲ್ಲಿ ಕೆಲವಕ್ಕೆ ಎಥಿಲೀನ್ ಗ್ಲೈಕಾಲ್ ಸೇರಿರುತ್ತದೆ. ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಉಳಿದ ದ್ರವವನ್ನು ಕುಡಿಯುವ ನೀರಿನ ಅಥವಾ ಷರಬತ್ತಿನ ಶೀಷೆಗಳಲ್ಲಿ ಎಂದಿಗೂ ಇಡಬಾರದು. ಹೆಸರು ಬರೆದು, ಮಕ್ಕಳ ಕೈಗೆ ಎಟುಕದೆಡೆ ಇಡಬೇಕು. ವರ್ಷಕ್ಕೊಮ್ಮೆ ತೂಬು ತೆರೆದು ಹಳೆಯದನ್ನು ಬಿಟ್ಟು ಹೊಸದನ್ನು ತುಂಬಬೇಕು. ನಡುವೆ ತೊಟ್ಟಿಯ ಮಟ್ಟವನ್ನು ಆಗಾಗ್ಗೆ ಕಣ್ಣಿಂದ ನೋಡಿದರೆ ಸಾಕು.

೨೦೨೪ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ ೫೦೦೦ ರೂಪಾಯಿ ದಂಡ ವಿಧಿಸಿದ್ದು ನಮಗೆಲ್ಲ ನೆನಪಿದೆ. ಅಂತಹ ಊರಿನಲ್ಲಿ ಯಂತ್ರಕ್ಕೂ ನೀರೇ ಎಂದು ಯಾರಾದರೂ ಆಕ್ಷೇಪಿಸಿದರೆ ಉತ್ತರವಿದೆ: ಇದು ಮುಚ್ಚಿದ ಸುತ್ತು. ವರ್ಷವಿಡೀ ಸುತ್ತುವುದು ಒಂದು ಲೀಟರಿನ ಆಸುಪಾಸು ಮಾತ್ರ.

ಕಟ್ಟುವುದೋ ಬಿಡುವುದೋ ಆಯಾ ಮನೆಯವರ ನಿರ್ಧಾರ. ಕಟ್ಟುವುದಾದರೆ ಚಿತ್ರಪಟವನ್ನು ಒಮ್ಮೆ ಮನೆಯವರೆಲ್ಲರ ಮುಂದೆ ಹರಡಲಿ. ನೀರು ಎಲ್ಲಿ ಒಳಬರುತ್ತದೆ, ಎಲ್ಲಿ ಹೊರಹೋಗುತ್ತದೆ, ಸೋರಿದರೆ ಎಲ್ಲಿಗೆ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಹಿರಿಯರು ಕೇಳಲಿ. ಮೂರಕ್ಕೂ ಬೆರಳಿಟ್ಟು ಉತ್ತರ ತೋರಿಸಬಲ್ಲ ತರುಣ ತರುಣಿಯರಿಗೆ ಧೈರ್ಯವಾಗಿ ಅಪ್ಪಣೆ ಕೊಡಬಹುದು. ತೋರಿಸಲಾರದವರು ಇನ್ನೊಂದು ಹಾಳೆಯನ್ನು ತೆಗೆದುಕೊಳ್ಳಲಿ. ಕಾಗದದ ಮೇಲಿನ ತಪ್ಪಿಗೆ ಬೆಲೆಯಿಲ್ಲ.