ಬೇಳೆಯ ಕಟ್ಟು: ನಂಬಿಕೆಯೂ ನಿಜವೂ

ಪುರಾತನ ಈಶ್ವರ ದೇವಾಲಯವುಳ್ಳ, ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿರುವ ಆನೆಕೊಂಡದಲ್ಲಿ, ಹೋಳಿಗೆಯ ದಿನ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟನ್ನು ಯಾವ ಗೃಹಿಣಿಯೂ ಚೆಲ್ಲುವುದಿಲ್ಲ. ಹುಣಸೆಯ ರಸ, ಬೆಲ್ಲ, ಸಾರಿನ ಪುಡಿಗಳನ್ನು ಕೂಡಿಸಿ, ಒಂದು ಹಿಡಿ ಹೂರಣವನ್ನೂ ಕದಡಿ, ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆಯಿತ್ತು ಕಟ್ಟಿನ ಸಾರನ್ನು ಕುದಿಸುವಳು. ಮಿತವ್ಯಯವು ಶ್ಲಾಘ್ಯವೇ, ರುಚಿಯಂತೂ ಪ್ರಶ್ನಾತೀತ. ಆದರೆ ಬೇಳೆಯ ಸತ್ವವೆಲ್ಲ ಕಟ್ಟಿಗಿಳಿದು ಉಳಿದುದು ಬರಿಯ ಹಿಪ್ಪೆಯೆಂದು ಭಾವಿಸಿ, ಜ್ವರ ಬಿಟ್ಟವರಿಗೂ ಅನ್ನಪ್ರಾಶನವಾದ ಕೂಸಿಗೂ ತೊಗರಿಯ ತಿಳಿಗಟ್ಟನ್ನಷ್ಟೆ ಉಣಿಸಿ, ಗಟ್ಟಿಬೇಳೆಯನ್ನು ದೃಢಕಾಯರ ತಟ್ಟೆಗೆ ಬಡಿಸುವುದುಂಟಲ್ಲ, ಅದು ಸರಿಯಲ್ಲ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುವುದು. ಬೆಂದಾಗ ಅದರ ಬಹುಭಾಗ ಬೇಳೆಯಲ್ಲಿಯೇ ನಿಲ್ಲುವುದು. ಕಟ್ಟಿಗೆ ಇಳಿಯುವುದು ಕೆಲವು ಲವಣಗಳು, ಬಿ ಗುಂಪಿನ ಜೀವಸತ್ವಗಳ ಒಂದಂಶ, ತುಸು ಪಿಷ್ಟ. ಕೂಸಿಗೆ ಬೇಕಾದುದು ನುಣ್ಣಗೆ ಮಸೆದ ಬೇಳೆ, ಅನ್ನ, ಮೇಲೊಂದಿಷ್ಟು ತುಪ್ಪ.

ಬೇಳೆ ಕುದಿಯುವಾಗ ಏಳುವ ನೊರೆ ವಿಷವೆಂಬುದೂ ಹುಸಿ. ಕರಗಿದ ಪ್ರೋಟೀನು ಮತ್ತು ಸಪೋನಿನ್ ಎಂಬ ದ್ರವ್ಯಗಳಿಂದ ಏಳುವ ಬುರುಗು ಅದು. ಉಕ್ಕಿ ಒಲೆ ಕೆಡಿಸೀತೆಂದು ತೆಗೆದರೆ ಆಕ್ಷೇಪವಿಲ್ಲ.

ಇನ್ನು, ಬೇಳೆ ಬೇಯದಿದ್ದೊಡನೆ ಅಂಗಡಿಯವನು ಹಳೆಯ ಮಾಲು ಕೊಟ್ಟನೆಂದು ಶಪಿಸುವವರುಂಟು. ಹಳೆಯ ಬೇಳೆ ತಡವಾಗಿ ಬೇಯುವುದು ದಿಟವಾದರೂ, ಎಷ್ಟೋ ವೇಳೆ ಅಪರಾಧ ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೇಳೆಯ ಕೋಶಭಿತ್ತಿಯ ಪೆಕ್ಟಿನ್ನನ್ನು ಬಿಗಿದು ಹಿಡಿಯುವುದರಿಂದ, ತುಂಗಭದ್ರೆಯ ಹೊಳೆನೀರಿನಲ್ಲಿ ಬೇಗ ಮೆತ್ತಗಾಗುವ ಬೇಳೆಯೇ ಅಲ್ಲಿ ಕಲ್ಲಾಗಿ ಕುಳಿತುಬಿಡಬಹುದು. ಆಗ ಚಿಟಿಕೆ ಸೋಡಾ ಹಾಕುವುದು ಸುಲಭೋಪಾಯ. ಸೋಡಾ ಬೇಳೆಯನ್ನು ಕರಗಿಸುವುದು ನಿಜ, ಥಯಾಮಿನ್ ಎಂಬ ಜೀವಸತ್ವವನ್ನು ಕೆಡಿಸುವುದೂ ಅಷ್ಟೇ ನಿಜ. ಬೇಳೆಯನ್ನು ಮೊದಲೇ ನೆನೆಹಾಕುವುದು ಲೇಸು. ಬೇಳೆ ಬೆಂದ ಮೇಲೆಯೇ ಹುಳಿ ಹಿಂಡಬೇಕೆಂಬ ಹಿರಿಯರ ಕಟ್ಟಳೆಯಂತೂ ಸಂಪೂರ್ಣ ಶಾಸ್ತ್ರೀಯವಾದುದು, ಆಮ್ಲವೂ ಪೆಕ್ಟಿನ್ ಕರಗುವುದನ್ನು ತಡೆಯುವುದರಿಂದ. ಉಪ್ಪನ್ನು ಮಾತ್ರ ವೃಥಾ ದೂಷಿಸುವರು. ನೆನೆಹಾಕುವ ನೀರಿಗೆ ತುಸು ಉಪ್ಪು ಬಿದ್ದರೆ ಇಡಿಗಾಳಿನ ಸಿಪ್ಪೆ ಮೆತ್ತಗಾಗುವುದೇ ಹೊರತು ಗಟ್ಟಿಯಾಗದು.

ಹುರಳಿ, ಕಡಲೆ ತಿಂದರೆ ವಾಯುವಾಗುವುದೆಂಬ ಮಾತು ಪೂರ್ಣ ಸುಳ್ಳಲ್ಲ. ರಾಫಿನೋಸ್ ಜಾತಿಯ ಶರ್ಕರಗಳನ್ನು ಜೀರ್ಣಿಸುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿಲ್ಲ. ಅವು ದೊಡ್ಡಕರುಳಿಗೆ ಸಾಗಿ, ಅಲ್ಲಿಯ ಜೀವಾಣುಗಳಿಗೆ ಆಹಾರವಾಗಿ, ಅನಿಲವನ್ನು ಹುಟ್ಟಿಸುವುವು. ಆ ಶರ್ಕರಗಳಲ್ಲಿ ಒಂದಷ್ಟು ನೆನೆದ ನೀರಿಗೆ ಬರುವುದರಿಂದ, ಕಟ್ಟನ್ನು ಕಾಪಾಡುವ ಕೈಯೇ ಆ ನೀರನ್ನು ನಿಸ್ಸಂಕೋಚವಾಗಿ ಬಚ್ಚಲಿಗೆ ಸುರಿಯಬಹುದು.