ಗದ್ದಲದಲ್ಲೂ ನಮ್ಮ ಹೆಸರು ಕಿವಿಗೆ ಬೀಳುವುದೇಕೆ?

ಪ್ರಶ್ನೆ: ಮದುವೆಮನೆಯ ಗದ್ದಲದಲ್ಲೂ ದೂರದಲ್ಲಿ ಯಾರೋ ನನ್ನ ಹೆಸರೆತ್ತಿದರೆ ಥಟ್ಟನೆ ಕೇಳಿಸುತ್ತದೆ. ಯಾಕೆ?

ಉತ್ತರ: ನೀವು ಗಮನ ಕೊಡದ ಮಾತನ್ನೂ ಮಿದುಳು ಅಷ್ಟಿಷ್ಟು ಸೋಸುತ್ತಲೇ ಇರುತ್ತದೆ. ಎಳವೆಯಿಂದ ನಮ್ಮನ್ನೇ ಕರೆದ ಪದವಾದ್ದರಿಂದ ಹೆಸರು ಕ್ಷೀಣವಾಗಿ ಬಂದರೂ ಗಮನ ಅತ್ತ ಹೊರಳುತ್ತದೆ.

1959ರಲ್ಲಿ ಮನೋವಿಜ್ಞಾನಿ ನೆವಿಲ್ ಮೊರೆ, ಜನರ ಎರಡು ಕಿವಿಗಳಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಹಿಂದೆಯೇ ಗಟ್ಟಿಯಾಗಿ ಹೇಳುತ್ತಾ ಹೋಗಲು ಸೂಚಿಸಿದರು. ಇನ್ನೊಂದು ಕಿವಿಗೆ 35 ಸಲ ಬಿದ್ದ ಪದಗಳೂ ಅವರ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಅದೇ ಕಿವಿಗೆ ಅವರವರ ಹೆಸರು ಬಂದಾಗ ಹಲವು ಸಲ ಗುರುತಿಸಿದರು! ಉಳಿದ ಸಲ ಹೆಸರೂ ತಪ್ಪಿಹೋಯಿತು. ನನಗೆ ಹೆಚ್ಚು ಕುತೂಹಲ ಇದರಲ್ಲೇ. ಮದುವೆಮನೆಯಲ್ಲೂ ನಿಮ್ಮ ಹೆಸರು ಎಷ್ಟೋ ಸಲ ಕೇಳಿಸದೇ ಹೋಗಿರಬಹುದು. ಕೇಳಿಸಿದ್ದಷ್ಟೇ ನಿಮಗೆ ಗೊತ್ತು.